ಮಕ್ಕಳಿಗೆ ಕರಡಿ ತೋರಿಸೋಕೆ: ಬನ್ನೇರುಘಟ್ಟವೋ, ದರೋಜಿಯೋ?

ಬೆಂಗಳೂರಿನವರಿಗೆ ಬನ್ನೇರುಘಟ್ಟ ಸುಲಭ. ಬೆಳಗ್ಗೆ ಹೊರಟರೆ ಸಂಜೆಗೆ ಮನೆ. ಸಫಾರಿ ಬಸ್ಸಿನ ಕಿಟಕಿಯಿಂದ ಕರಡಿ ಹತ್ತಿರದಲ್ಲೇ ಕಾಣುತ್ತದೆ. ಆದರೆ ಅದು ಬೇಲಿಯೊಳಗಿನ ಬದುಕು.

ಬೇಲಿ ಅಂದ ತಕ್ಷಣ ಬೇಸರ ಬೇಡ. ಇಲ್ಲಿ ಕರಡಿಗಳ ಪುನರ್ವಸತಿ ಕೇಂದ್ರವೂ ಇದೆ. ಬೀದಿಯಲ್ಲಿ ಕುಣಿಸುತ್ತಿದ್ದ ಕರಡಿಗಳನ್ನು ಬಿಡಿಸಿ ತಂದು ಸಾಕಿದ ಜಾಗ ಅದು. ಮರಿಯಾಗಿದ್ದಾಗಲೇ ತಾಯಿಯಿಂದ ಕಿತ್ತು, ಕಾಯಿಸಿದ ಸೂಜಿಯಿಂದ ಮೂತಿ ಚುಚ್ಚಿ ಹಗ್ಗ ಪೋಣಿಸುತ್ತಿದ್ದರು. ಕೋರೆಹಲ್ಲು ಮುರಿಯುತ್ತಿದ್ದರು. ಅಂಥ ಜೀವವನ್ನು ಕಾಡಿಗೆ ಬಿಟ್ಟರೆ ಬದುಕೋದು ಹೇಗೆ? ಅದಕ್ಕೆ ಬೇಲಿಯೇ ಆಸರೆ. ಆದರೆ ನಾವು ನೋಡಲಿ ಅಂತ ಆರೋಗ್ಯವಂತ ಕರಡಿಯನ್ನು ಕಾಡಿನಿಂದ ಹಿಡಿದು ತರೋದು ನನಗೆ ಒಪ್ಪಿಗೆಯಿಲ್ಲ.

ದರೋಜಿ ಕರಡಿಧಾಮ ಹಂಪಿಗೆ ಹತ್ತಿರ. 1994ರಲ್ಲಿ ಘೋಷಣೆಯಾದದ್ದು. ಇಲ್ಲಿ ಕಾಯಬೇಕು. ಮಧ್ಯಾಹ್ನ ಸಿಬ್ಬಂದಿ ಬಂಡೆಗಳಿಗೆ ಬೆಲ್ಲದ ಪಾಕ ಬಳಿದು ಹೋಗುತ್ತಾರೆ. ನಾವು ದೂರದ ವೀಕ್ಷಣಾ ಗೋಪುರದಲ್ಲಿ ಸದ್ದು ಮಾಡದೆ ಕೂರಬೇಕು. ಬಿಸಿಲು ಇಳಿದಂತೆ ಬಂಡೆಗಳ ಸಂದಿಯಿಂದ ಕಪ್ಪು ಉಂಡೆಯೊಂದು ಉರುಳಿ ಬರುತ್ತದೆ. ಕೆಲವೊಮ್ಮೆ ಬೆನ್ನ ಮೇಲೆ ಮರಿಗಳೂ ಇರುತ್ತವೆ. ಬೆಲ್ಲ ಹಚ್ಚೋದೂ ಒಂಥರಾ ಆಮಿಷವೇ, ನಿಜ. ಆದರೂ ಬರೋದು, ಬಿಡೋದು ಕರಡಿಯ ಇಷ್ಟ ಅಲ್ವಾ?

ತೀರಾ ಚಿಕ್ಕ ಮಕ್ಕಳಿದ್ದರೆ ಬನ್ನೇರುಘಟ್ಟಕ್ಕೇ ಹೋಗಿ. ಆ ಕರಡಿಗಳ ಕತೆ ಮಾತ್ರ ತಪ್ಪದೆ ಹೇಳಿ. ಎಂಟು ಹತ್ತು ವರ್ಷದವರಾದರೆ ದರೋಜಿ, ಜೊತೆಗೊಂದು ದುರ್ಬೀನು.