ಒಂಬತ್ತು ಸಾಮಾನಿನ ‘ಕಲಿಕಾ ಸಿದ್ಧತೆ’ ಪೆಟ್ಟಿಗೆ: ನಮ್ಮ ಕರಾವಳಿಗೆ ಮೂರು ಸಾಕು

ಮೂರರಿಂದ ಏಳು ವರ್ಷದ ಮಕ್ಕಳಿಗೆಂದು ಆನ್‌ಲೈನ್‌ನಲ್ಲಿ ಸಿಗುವ ಈ ಪೆಟ್ಟಿಗೆಯ ಬೆಲೆ 4,000 ರೂಪಾಯಿ ಆಸುಪಾಸು. ಒಳಗಿರುವುದು: ಸಮತೋಲನ ಹಲಗೆ, ಪೋಣಿಸುವ ಮಣಿ, ಸ್ಪ್ರಿಂಗ್ ಕತ್ತರಿ, ಹಿಚುಕುವ ಪುಟ್ಟಿ (ಮೆತ್ತನೆಯ ಅಂಟುಮುದ್ದೆ), ಪೆನ್ಸಿಲ್‌ಗೆ ಹಾಕುವ ರಬ್ಬರ್ ಹಿಡಿ, ಒರಟು ಅಕ್ಷರದ ಕಾರ್ಡು, ಮುಳ್ಳುಮುಳ್ಳಾದ ಪಾದದ ಬಿಲ್ಲೆ, ಗಾಳಿ ತುಂಬುವ ಕೂರುದಿಂಬು, ತೊಡೆಯ ಮೇಲಿಡುವ 1 ಕೆ.ಜಿ. ಭಾರದ ದಿಂಬು. ಹಣಕ್ಕೆ ತಕ್ಕವು ಮೊದಲಿನ ಮೂರು. ಉಳಿದ ಆರಕ್ಕೆ ಕಾರವಾರ-ಶಿರಸಿ ಕಡೆಯ ಅಂಗಳದಲ್ಲೂ ಅಡುಗೆಮನೆಯಲ್ಲೂ ಇದಕ್ಕಿಂತ ಒಳ್ಳೆಯ ಬದಲಿ ಇದೆ.

ಜೊತೆಗಿನ ಪುಸ್ತಿಕೆ ಇಪ್ಪತ್ತೊಂದು ದಿನದಲ್ಲಿ ಓದು, ಬರಹ, ಲೆಕ್ಕ ಎಲ್ಲ ಸುಧಾರಿಸುತ್ತದೆ ಎನ್ನುತ್ತದೆ. ಅದನ್ನು ನಂಬಬೇಡಿ. ಕವಾಲೆ ಮತ್ತು ಮ್ಯಾಟ್‌ಸನ್ ಎಂಬ ಅಮೆರಿಕದ ಸಂಶೋಧಕರು 1983ರಲ್ಲಿ ಇಂಥ ಚಲನೆಯ ತರಬೇತಿ ಕುರಿತ 180 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅದರಿಂದ ಓದು ಸುಧಾರಿಸುತ್ತದೆ ಎನ್ನಲು ಆಧಾರ ಸಿಗಲಿಲ್ಲ. ಓದು ಬರುವುದು ಓದಿಸುವುದರಿಂದಲೇ. ಆದರೆ ಬೆನ್ನು ನೇರ ಇಟ್ಟುಕೊಳ್ಳುವುದಕ್ಕೇ, ಪೆನ್ಸಿಲ್ ಜಾರದಂತೆ ಹಿಡಿಯುವುದಕ್ಕೇ ಗಮನವೆಲ್ಲ ಖರ್ಚಾಗುವ ಮಗುವಿಗೆ ಅಕ್ಷರದ ಕಡೆ ಕೊಡಲು ಏನೂ ಉಳಿದಿರುವುದಿಲ್ಲ. ಆ ಹೊರೆ ಇಳಿಸುವ ಮಟ್ಟಿಗೆ ಈ ಸಾಮಾನುಗಳನ್ನು ಅಳೆಯಬೇಕು.

ಹಲಗೆ ಚೆನ್ನಾಗಿದೆ. 12 ಮಿ.ಮೀ. ಪ್ಲೈವುಡ್ಡಿನ ಅಡಿಗೆ ತಗ್ಗು ಕಮಾನಿನ ಎರಡು ಪಟ್ಟಿ. ಎಡ-ಬಲಕ್ಕೆ ಮಾತ್ರ ತೂಗುತ್ತದೆ, ತಟ್ಟನೆ ಮಗುಚುವುದಿಲ್ಲ. ಎಲ್ಲ ದಿಕ್ಕಿಗೂ ಓಲಾಡುವ ದುಂಡು ಹಲಗೆಗಿಂತ ಐದರೊಳಗಿನವರಿಗೆ ಇದೇ ಸರಿ. ಕೊರತೆ ಇರುವುದು ತಯಾರಿಕೆಯಲ್ಲಿ. ಅಂಚಿಗೆ ಪಾಲಿಶ್ ಇಲ್ಲ, ಸ್ಕ್ರೂ ಸಾದಾ ಕಬ್ಬಿಣದ್ದು. ವರ್ಷಕ್ಕೆ 3,000 ಮಿ.ಮೀ. ಹತ್ತಿರ ಮಳೆ ಸುರಿಯುವ, ಗಾಳಿಯಲ್ಲೇ ಉಪ್ಪಿರುವ ಕಾರವಾರದಲ್ಲಿ ಅಂಚು ಉಬ್ಬಿ ಪದರ ಬಿಡುತ್ತದೆ, ಸ್ಕ್ರೂ ತುಕ್ಕು ಹಿಡಿದು ಸಡಿಲಾಗುತ್ತದೆ. ತಂದ ದಿನವೇ ಸ್ಕ್ರೂ ಬಿಚ್ಚಿ, ಅಂಚು ಉಜ್ಜಿ, ಎರಡು ಕೋಟು ವಾರ್ನಿಶ್ ಹೊಡೆದು, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿಸಿ. ಕಮಾನಿನ ಅಡಿಗೆ ಹಳೆ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿದರೆ ಟೈಲ್ಸ್ ನೆಲದ ಮೇಲೆ ಜಾರುವುದಿಲ್ಲ.

ಬಳಸುವ ಕ್ರಮದಲ್ಲಿ ಪುಸ್ತಿಕೆ ಎಡವಿದೆ. ಮೊದಲ ದಿನವೇ ಮಗುವನ್ನು ಹಲಗೆಯ ಮೇಲೆ ನಿಲ್ಲಿಸಿ, ಎರಡೂ ಕೈ ಹಿಡಿದುಕೊಳ್ಳಿ ಎನ್ನುತ್ತದೆ. ಕೈ ಹಿಡಿದರೆ ಮಗು ಭಾರವನ್ನೆಲ್ಲ ನಿಮ್ಮ ಮೇಲೆ ಹಾಕುತ್ತದೆ, ಬೆನ್ನು-ಸೊಂಟಕ್ಕೆ ಕೆಲಸವೇ ಇರುವುದಿಲ್ಲ. ಮೊದಲು ಹಲಗೆಯ ಮೇಲೆ ಚಕ್ಕಳಮಕ್ಕಳ ಕೂರಿಸಿ, ನಿಧಾನ ತೂಗಲಿ, ಎರಡು ನಿಮಿಷ ಸಾಕು. ಅದು ಸಲೀಸಾದ ಮೇಲೆ ಮೊಣಕಾಲೂರಿ. ಆಮೇಲೆ ಪಾದ ಅಗಲಿಸಿ ನಿಲ್ಲುವುದು. ಆಸರೆ ಬೇಕಾದರೆ ಸೊಂಟದ ಎರಡು ಬದಿಗೆ ಕೈ ಇಡಿ. ಕೊನೆಯಲ್ಲಿ 150 ಗ್ರಾಂ ಅಕ್ಕಿ ತುಂಬಿದ ಬಟ್ಟೆಚೀಲವನ್ನು ಎದೆಯ ಮಟ್ಟಕ್ಕೆ ಎಸೆದು ಹಿಡಿಸಿ. ಆಗಾಗ ಎಡಕ್ಕೆ ಎಸೆದು ಬಲಗೈಯಲ್ಲಿ, ಬಲಕ್ಕೆ ಎಸೆದು ಎಡಗೈಯಲ್ಲಿ ಹಿಡಿಯಲು ಹೇಳಿ. ಸಾಲಿನ ಎಡತುದಿಯಿಂದ ಬಲತುದಿಗೆ ಬರೆಯುವ ಕೈಯೂ ದೇಹದ ನಡುಗೆರೆಯನ್ನು ಹೀಗೆಯೇ ದಾಟಬೇಕು. ಮುಖ ಬಿಳಿಚಿದರೆ, ಬೆವರಿದರೆ, ವಾಕರಿಕೆ ಬಂದರೆ, ಕಾರಣವಿಲ್ಲದೆ ವಿಪರೀತ ನಗು ಶುರುವಾದರೆ ಆ ಹೊತ್ತಿಗೆ ನಿಲ್ಲಿಸಿಬಿಡಿ: ಒಳಕಿವಿಯಿಂದ ಬರುತ್ತಿರುವ ಸಮತೋಲನದ ಸಂದೇಶ ಮಗುವಿಗೆ ಅತಿಯಾಯಿತು ಎಂದರ್ಥ.

ಮಣಿಗಳು 2.5 ಸೆಂ.ಮೀ. ಮತ್ತು 1 ಸೆಂ.ಮೀ. ಅಳತೆಯವು. ದೊಡ್ಡದರಿಂದ ಶುರು ಮಾಡಿ. ಮೂರು ತುಂಬದ ತಮ್ಮನೋ ತಂಗಿಯೋ ಮನೆಯಲ್ಲಿದ್ದರೆ ಎರಡೂ ಅಳತೆಯ ಮಣಿ ಎತ್ತಿಡಿ, ಗಂಟಲಿಗೆ ಸಿಕ್ಕೀತು. ಒಂದು ಕೈ ದಾರ ತೂರಿಸುವಾಗ ಇನ್ನೊಂದು ಕೈ ಮಣಿಯನ್ನು ತಿರುಗಿಸಿ ತೂತು ಎದುರು ಮಾಡಿಕೊಡಬೇಕು. ನೋಡಬೇಕಾದದ್ದು ಆ ಎರಡನೇ ಕೈಯನ್ನು. ಅದು ಸುಮ್ಮನಿದ್ದರೆ ಬರೆಯುವಾಗ ಪುಸ್ತಕ ಒತ್ತಿ ಹಿಡಿಯುವುದೂ ಇಲ್ಲ, ಹಾಳೆ ಸರಿದು ಸಾಲು ಸೊಟ್ಟಾಗುತ್ತದೆ. ಮಣಿ ಮುಗಿದ ಮೇಲೆ ಬಾಳೆನಾರಿನಲ್ಲಿ ಅಬ್ಬಲಿಗೆ ಕಟ್ಟಿಸಿ. ಇದಕ್ಕಿಂತ ಸೂಕ್ಷ್ಮವಾದ ಬೆರಳಿನ ಕೆಲಸ ಯಾವ ಪೆಟ್ಟಿಗೆಯಲ್ಲೂ ಇಲ್ಲ. ಗುಲಗಂಜಿಯನ್ನು ಮಾತ್ರ ಆಟಕ್ಕೆ ಕೊಡಬೇಡಿ, ಜಗಿದರೆ ಪ್ರಾಣಕ್ಕೇ ಅಪಾಯದ ವಿಷ.

ಕತ್ತರಿಯ ಸ್ಪ್ರಿಂಗ್ ತಾನೇ ಬಾಯಿ ತೆರೆಯುವುದರಿಂದ ಕೈ ಸೋಲುವ ಮಕ್ಕಳಿಗೆ ಅನುಕೂಲ. ಆದರೆ ಇದು ಬಲಗೈಯವರದ್ದು. ಎಡಚರು ಹಿಡಿದರೆ ಮೇಲಿನ ಅಲಗು ಗೆರೆಯನ್ನು ಮುಚ್ಚುತ್ತದೆ, ಕಾಗದ ಕತ್ತರಿಸುವ ಬದಲು ಮಡಚಿಕೊಳ್ಳುತ್ತದೆ. ಅವರಿಗೆ ಎಡಗೈ ಕತ್ತರಿಯನ್ನೇ ತರಿಸಿ.

ಪುಟ್ಟಿ ಬೇಡ. ನಮ್ಮ ಸೆಖೆಗೆ ಮೆತ್ತಗಾಗಿ ಕೂದಲಿಗೆ, ಚಾದರಕ್ಕೆ ಅಂಟಿದರೆ ಬಿಡಿಸುವುದೇ ಕಷ್ಟ. ಮೈದಾ ಮತ್ತು ಉಪ್ಪು ಕಲಸಿದ ಮನೆಮುದ್ದೆಯೂ ಮಳೆಗಾಲದಲ್ಲಿ ನಿಲ್ಲುವುದಿಲ್ಲ: ಉಪ್ಪು ಗಾಳಿಯ ತೇವ ಎಳೆದುಕೊಂಡು ಎರಡು ದಿನಕ್ಕೆ ನೀರು ಬಿಡುತ್ತದೆ. ಶಿರಸಿ-ಸಿದ್ದಾಪುರ ಕಡೆಯವರಿಗೆ ಉತ್ತರ ಗೊತ್ತೇ ಇದೆ, ಕೈಸುತ್ತಿನ ಚಕ್ಕುಲಿ. ಹಿಟ್ಟನ್ನು ತಿರುಚುತ್ತಾ ಎಳೆ ಬಿಡುವಾಗ ಹೆಬ್ಬೆರಳು, ತೋರುಬೆರಳು, ನಡುಬೆರಳು ಮಾಡುವ ಕೆಲಸವೇ ಪೆನ್ಸಿಲ್ ಹಿಡಿದಾಗಲೂ ಬೇಕು. ನಿಂಬೆಗಾತ್ರದ ಉಂಡೆ ಕೊಡಿ, ಹತ್ತು ನಿಮಿಷ ಸಾಕು. ಸುತ್ತು ಬಾರದಿದ್ದರೂ ಪರವಾಗಿಲ್ಲ, ತಿರುಚಿದರೆ ಆಯಿತು.

ರಬ್ಬರ್ ಹಿಡಿ ಹಾಕಿದರೆ ಬೆರಳು ಸರಿಯಾದ ಜಾಗದಲ್ಲಿ ಕೂರುತ್ತದೆ, ತೆಗೆದ ಕೂಡಲೇ ಮೊದಲಿನಂತೆ. ಮೂರು ಬೆರಳಿನ ಹಿಡಿತ ಹೆಚ್ಚಿನ ಮಕ್ಕಳಲ್ಲಿ ಪಳಗುವುದೇ ನಾಲ್ಕೂವರೆಯಿಂದ ಆರರ ನಡುವೆ. ಅದಕ್ಕೆ ಮೊದಲು ಒತ್ತಾಯ ಬೇಡ. ಪಾಟಿ ಕಡ್ಡಿಯನ್ನು 3-4 ಸೆಂ.ಮೀ. ತುಂಡು ಮಾಡಿ ಕೊಡಿ. ಉಳಿದ ಬೆರಳಿಗೆ ಜಾಗವೇ ಇಲ್ಲದ್ದರಿಂದ ಮೂರೇ ಬೆರಳು ಹಿಡಿಯುತ್ತವೆ. ಸರ್ಕಾರಿ ಶಾಲೆಗಳ ನಲಿಕಲಿ ತರಗತಿಗಳ ಗೋಡೆಯಲ್ಲಿ ಮಕ್ಕಳ ಎತ್ತರಕ್ಕೆ ಬಳಿದ ಕರಿಪಟ್ಟಿ ಇದೆಯಲ್ಲ, ಅದರ ಮೇಲೆ ಬರೆಸಿದರೆ ಮಣಿಕಟ್ಟು ಹಿಂದಕ್ಕೆ ಬಾಗಿ ಬೆರಳುಗಳಿಗೆ ಬಲ ಸಿಗುತ್ತದೆ, ಭುಜವೂ ಗಟ್ಟಿಯಾಗುತ್ತದೆ. ಮೇಜಿನ ಮೇಲೆ ಈ ಲಾಭ ಕಡಿಮೆ.

ಅಕ್ಷರದ ಕಾರ್ಡುಗಳದ್ದೇ ದೊಡ್ಡ ನಿರಾಸೆ. ಇಪ್ಪತ್ತಾರೂ ಇಂಗ್ಲಿಷ್ ದೊಡ್ಡಕ್ಷರ, ಬಹುಪಾಲು ನೆಟ್ಟ ಗೆರೆ, ಓರೆ ಗೆರೆ. ಕನ್ನಡದ ಅಕ್ಷರ ದುಂಡಗೆ ಸುತ್ತಿ, ನಡುವೆ ದಿಕ್ಕು ಬದಲಿಸಿ, ಹೆಚ್ಚಾಗಿ ತಲೆಕಟ್ಟಿನಲ್ಲಿ ಮುಗಿಯುತ್ತದೆ. ಆ ಚಲನೆಯ ಅಭ್ಯಾಸ ಇಲ್ಲಿಲ್ಲ. ನೀವೇ ಮಾಡಿಕೊಳ್ಳಿ: 12 ಸೆಂ.ಮೀ. ಎತ್ತರದ ರಟ್ಟು, 120 ನಂಬರಿನ ಸ್ಯಾಂಡ್ ಪೇಪರಿನಿಂದ ಕತ್ತರಿಸಿದ 1 ಸೆಂ.ಮೀ. ಅಗಲದ ಅಕ್ಷರ, ಶುರುವಾಗುವಲ್ಲಿ ಕೆಂಪು ಚುಕ್ಕೆ. ನಲಿಕಲಿಯ ಕ್ರಮದಲ್ಲೇ ರ, ಗ, ಸ, ದ, ಅ ಮೊದಲು. ತೋರುಬೆರಳು-ನಡುಬೆರಳು ಸೇರಿಸಿ ತಿದ್ದುತ್ತಾ ಬಾಯಲ್ಲಿ ಆ ಧ್ವನಿ ಹೇಳಬೇಕು, ಸುಮ್ಮನೆ ಸವರಿದರೆ ಸಾಲದು. ಮೂರರ ಹೊತ್ತಿಗೆ ವೃತ್ತ, ನಾಲ್ಕಕ್ಕೆ ಕೂಡುಗುರುತು, ಐದರ ಹತ್ತಿರ ಚೌಕ ನೋಡಿ ಬರೆಯುವುದು ಸಾಮಾನ್ಯ. ವೃತ್ತದ ಬಾಯಿ ಮುಚ್ಚಲು ಬಾರದ ಮಗುವಿಗೆ ‘ರ’ ಕೊಟ್ಟರೆ ಅಳುವೇ ಗತಿ.

ಕಾರ್ಡಿಗಿಂತ ಹೊಯ್ಗೆ ಮೇಲು. ಕಾರವಾರದ ಟ್ಯಾಗೋರ್ ಕಡಲತೀರದ ಒದ್ದೆ ಮರಳಿನಲ್ಲಿ ಬೆರಳು ಆಳಕ್ಕೆ ಒತ್ತಿ, ಒಂದು ಮೀಟರ್ ಎತ್ತರದ ಅಕ್ಷರ ಬರೆಸಿ. ಮರಳು ಎದುರೊತ್ತುವುದರಿಂದ ಕೈ ಎಲ್ಲಿ ತಿರುಗಿತು ಎಂಬುದು ಸ್ನಾಯುವಿಗೂ ಕೀಲಿಗೂ ಗೊತ್ತಾಗುತ್ತದೆ. ಮನೆಗೆ ತರುವುದಾದರೆ ಸಿಹಿನೀರಿನಲ್ಲಿ ಎರಡು-ಮೂರು ಸಲ ತೊಳೆದು ಒಣಗಿಸಿ ಸಾಣಿಸಿ. ಉಪ್ಪು ಉಳಿದರೆ ತೇವ ಎಳೆದು ಗಂಟುಗಟ್ಟುತ್ತದೆ. ತಟ್ಟೆಯಲ್ಲಿ 1 ಸೆಂ.ಮೀ. ದಪ್ಪ ಸಾಕು. ವಿಜಯದಶಮಿಯಂದು ಅಕ್ಕಿಯಲ್ಲಿ ತಿದ್ದಿಸಿದ ಮೇಲೆ ಆ ತಟ್ಟೆಯನ್ನು ಒಳಗಿಡುತ್ತೇವಲ್ಲ, ಅದನ್ನು ಮುಂದುವರಿಸಿದಂತೆ ಎಂದುಕೊಳ್ಳಿ.

ಪಾದದ ಬಿಲ್ಲೆ ಬೇಕಿಲ್ಲ, ಬರಿಗಾಲಲ್ಲಿ ಅಂಗಳ ಸುತ್ತಿದರೆ ಆಯಿತು. ಗಾಳಿದಿಂಬು ತರುವ ಮೊದಲು ಮಗುವಿನ ಪಾದ ನೆಲ ಮುಟ್ಟುತ್ತಿದೆಯೇ ನೋಡಿ. ಬೆಂಚಿನಿಂದ ಕಾಲು ಜೋತಾಡುತ್ತಿದ್ದರೆ ಅಡಿಗೆ ಒಂದು ಹಲಗೆತುಂಡು ಇಡಿ, ಅರ್ಧ ಚಡಪಡಿಕೆ ಅಲ್ಲಿಗೇ ನಿಲ್ಲಬಹುದು.

ಭಾರದ ದಿಂಬಿನ ವಿಷಯದಲ್ಲಿ ಖಡಾಖಂಡಿತ ಹೇಳಬೇಕು. ಗಮನ ಹೆಚ್ಚುತ್ತದೆ ಎನ್ನಲು ಪುರಾವೆ ದುರ್ಬಲ. ಬಳಸಿದರೂ ಹದಿನೈದು ನಿಮಿಷಕ್ಕಿಂತ ಹೆಚ್ಚು ಬೇಡ, ಮಗು ತಾನೇ ಎತ್ತಿಡುವಂತಿರಬೇಕು, ಮಲಗಿದಾಗ ಮೈಮೇಲೆ ಖಂಡಿತ ಹಾಕಬಾರದು. ಅದರ ಬದಲು ಅಡಿಕೆ ಹಾಳೆ ತನ್ನಿ. ಒಬ್ಬರು ಕೂತು ಒಬ್ಬರು ಎಳೆಯಲಿ, 10 ಮೀಟರ್, ಐದು ಸುತ್ತು, ಆಮೇಲೆ ಜಾಗ ಬದಲು. ಎಳೆಯುವವನ ಕಾಲು, ಬೆನ್ನು, ಭುಜ ಒಟ್ಟಿಗೆ ದುಡಿಯುತ್ತವೆ. ಕೂತವನು ಬೀಳದಂತೆ ಮೈ ಸಂಭಾಳಿಸುತ್ತಾನೆ. ಒಣಗಿದ ಹಾಳೆ ಸೀಳುತ್ತದೆ, ನೀರಲ್ಲಿ ನೆನೆಸಿಕೊಳ್ಳಿ. ಮಳೆಯಲ್ಲಿ ಪಾಚಿಗಟ್ಟಿದ ಚಿರೆಕಲ್ಲಿನ ಅಂಗಳದಲ್ಲಿ ಮಾತ್ರ ಬೇಡ. ಆಟ ಮುಗಿದ ಹತ್ತು ನಿಮಿಷದ ಮೇಲೆ ಬರೆಯಲು ಕೂರಿಸಿ.

ಇಷ್ಟೆಲ್ಲ ಮಾಡಿಯೂ ಎರಡು-ಮೂರು ತಿಂಗಳಲ್ಲಿ ಬದಲಾವಣೆ ಕಾಣದಿದ್ದರೆ ಇನ್ನೊಂದು ಪೆಟ್ಟಿಗೆ ತರಿಸಬೇಡಿ. ಮೊದಲು ಕಣ್ಣು, ಕಿವಿ ಪರೀಕ್ಷೆಯಾಗಲಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ತಪಾಸಣೆಗೆ ಬರಬೇಕು. ಅವರ ಮುಂದೆ ‘ಇವನು ಬರೆಯುವುದಿಲ್ಲ’ ಎಂದಷ್ಟೇ ಹೇಳಿದರೆ ಉಪಯೋಗವಿಲ್ಲ. ಎಷ್ಟು ನಿಮಿಷಕ್ಕೆ ತಲೆ ಮೇಜಿಗೆ ಒರಗುತ್ತದೆ, ಯಾವ ಕೈ ಮುಂದೆ ಬರುತ್ತದೆ, ಪೆನ್ಸಿಲ್ ಒತ್ತಿ ಹಾಳೆ ಹರಿಯುತ್ತದೆಯೇ, ಅಂಗಿಯ ಗುಂಡಿ ತಾನೇ ಹಾಕಿಕೊಳ್ಳುತ್ತಾನೆಯೇ ಎಂಬುದನ್ನು ಒಂದು ವಾರ ನೋಡಿ ಬರೆದುಕೊಂಡು ಹೋಗಿ.