ಬಿಲ್ಡ್ ವ್ಯವಸ್ಥೆ ಮಾಡಿಸುವವರೇ, ಪೂರ್ತಿ ಹಣ ಕೊಡುವ ಮುನ್ನ ಡೇಟಾ ಫೈಲ್ ಬದಲಿಸಿ ನೋಡಿ

ಶಿವಮೊಗ್ಗದಲ್ಲಿ ಕುಳಿತು ಸಣ್ಣ ಅಂಗಡಿಗಳಿಗೆ ಬಿಲ್ಲಿಂಗ್ ತಂತ್ರಾಂಶ ಮಾಡಿಕೊಡುವ ನನ್ನಂಥವರು ದಯವಿಟ್ಟು ಇದನ್ನು ಓದಿ. ಬಿಲ್ಡ್ ಎಂದರೆ ಕೋಡ್ ಮತ್ತು ಅದರ ಜೊತೆಗಿನ ಫೈಲ್‌ಗಳನ್ನು ಸೇರಿಸಿ ಅಂಗಡಿಗೆ ಕಳುಹಿಸುವ ಪ್ಯಾಕೇಜ್ ತಯಾರಿಸುವುದು. ಅದನ್ನು ತಾನಾಗಿ ಮಾಡುವ ವ್ಯವಸ್ಥೆಯ ಕೆಲಸವನ್ನು ಒಂದು ಸಂಸ್ಥೆಗೆ ಒಪ್ಪಿಸಿ ಮೋಸಹೋಗಿದ್ದೇನೆ. ಹೆಸರು ಹಾಕುವುದಿಲ್ಲ. ನಡೆದದ್ದನ್ನು ಮಾತ್ರ ಹೇಳದೆ ಬಿಡುವುದಿಲ್ಲ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕೃಷಿ ಉಪಕರಣಗಳ ಅಂಗಡಿಗಳು ನನ್ನ ತಂತ್ರಾಂಶ ಬಳಸುತ್ತವೆ. ಅದರಲ್ಲಿ ತೆರಿಗೆ ದರಗಳನ್ನು ಕೋಡ್‌ನೊಳಗೆ ಬರೆದಿಲ್ಲ, ಬೇರೆ ಸಿಎಸ್‌ವಿ ಫೈಲ್‌ನಲ್ಲಿ (ಅಲ್ಪವಿರಾಮ ಹಾಕಿ ಬರೆದ ಸರಳ ಪಟ್ಟಿ) ಇಟ್ಟಿದ್ದೇನೆ. ಬಿಲ್ಡ್ ನಡೆದಾಗ ಆ ಸಿಎಸ್‌ವಿಯಿಂದ ಒಂದು ಡೇಟಾ ಫೈಲ್ ತಯಾರಾಗಿ ಪ್ಯಾಕೇಜ್ ಸೇರಬೇಕು. ಕೆಲಸ ಒಪ್ಪಿಸುವ ದಿನವೇ ಕೇಳಿದ್ದೆ: "ದರಪಟ್ಟಿ ಬದಲಾದರೆ ಹೊಸ ಪ್ಯಾಕೇಜ್‌ನಲ್ಲಿ ತಾನಾಗಿಯೇ ಬರುತ್ತದೆಯೇ?" "ಅದೆಲ್ಲ ಆಟೋಮ್ಯಾಟಿಕ್ ಸರ್, ನೀವು ಬಟನ್ ಒತ್ತಿದರೆ ಸಾಕು" ಎಂದರು. ಇದೇ ಮಾತು. ನೆನಪಿಟ್ಟುಕೊಳ್ಳಿ.

2025ರ ಸೆಪ್ಟೆಂಬರ್ 22ರಿಂದ ಸ್ಪ್ರಿಂಕ್ಲರ್ ಮತ್ತು ಹನಿ ನೀರಾವರಿ ಸಾಮಗ್ರಿಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಸುದ್ದಿ ಮೊದಲೇ ಬಂದಿದ್ದರಿಂದ ಅಡಿಕೆ ತೋಟದವರು ಖರೀದಿ ಮುಂದೂಡಿ ಕಾಯುತ್ತಿದ್ದರು. ನಾನು ಸಿಎಸ್‌ವಿ ತಿದ್ದಿದೆ. ನನ್ನ ಕಂಪ್ಯೂಟರ್‌ನಲ್ಲಿ ಬಿಲ್ಡ್ ಮಾಡಿ ನೋಡಿದಾಗ ಶೇ 5 ಸರಿಯಾಗಿಯೇ ಬಂತು. ಆವೃತ್ತಿ ಸಂಖ್ಯೆ ಏರಿಸಿ ಸಂಸ್ಥೆಯವರ ಸರ್ವರ್‌ನಲ್ಲಿ ಬಟನ್ ಒತ್ತಿದೆ. ಹಸಿರು ಬಣ್ಣದಲ್ಲಿ 'ಯಶಸ್ವಿ' ಎಂದು ಬಂತು. ಅಂಗಡಿಗಳಿಗೆ ಕಳುಹಿಸಿದೆ.

ನವರಾತ್ರಿಯ ಮೊದಲ ದಿನವೇ ತೀರ್ಥಹಳ್ಳಿಯಿಂದ ಫೋನ್. ಇಪ್ಪತ್ತು ಸಾವಿರ ರೂಪಾಯಿಯ ಸ್ಪ್ರಿಂಕ್ಲರ್‌ಗಳಿಗೆ ಬಿಲ್ ಹೊರಬಂದಿದೆ: ಸಿಜಿಎಸ್‌ಟಿ ಶೇ 6, ಎಸ್‌ಜಿಎಸ್‌ಟಿ ಶೇ 6, ಒಟ್ಟು ತೆರಿಗೆ 2,400. ಬರಬೇಕಾಗಿದ್ದದ್ದು 1,000. ಬಿಲ್ಲಿನ ತಲೆಯ ಮೇಲೆ ಹೊಸ ಆವೃತ್ತಿ ಸಂಖ್ಯೆ, ಕೆಳಗೆ ಹಳೆಯ ತೆರಿಗೆ! ಗಿರಾಕಿ ಎಲ್ಲರೆದುರು "ಸರ್ಕಾರ ಬಿಟ್ಟ ಹಣವನ್ನು ನೀವು ಇಟ್ಟುಕೊಳ್ಳುತ್ತೀರೇನು?" ಎಂದು ಕೇಳಿದರಂತೆ. ಅಂಗಡಿಯವರು ನನಗೆ ಬೈಯಲಿಲ್ಲ. "ನಿಮ್ಮನ್ನು ನಂಬಿದ್ದೆವಲ್ಲ ಮಾರಾಯರೇ" ಎಂದರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಸಂಸ್ಥೆಗೆ ಫೋನ್ ಮಾಡಿದೆ. ಮೊದಲ ಉತ್ತರ: "ಕೋಡ್ ಸರಿಯಾಗಿದೆ ಸರ್, ಬಿಲ್ಡ್ ಪಾಸ್ ಆಗಿದೆ." ಕೋಡ್ ಸರಿಯಿಲ್ಲ ಎಂದು ಯಾರು ಹೇಳಿದರು? ಎರಡನೆಯದು: "ಒಮ್ಮೆ ಕ್ಲೀನ್ ಮಾಡಿ ಬಿಲ್ಡ್ ಮಾಡಿ, ಸರಿಹೋಗುತ್ತದೆ." ಪ್ರತಿ ಸಲ ಎಲ್ಲವನ್ನೂ ಅಳಿಸಿ ಮೊದಲಿನಿಂದ ಮಾಡುವುದಾದರೆ ಇವರಿಗೆ ಹಣ ಕೊಟ್ಟದ್ದು ಯಾತಕ್ಕೆ?

ಆಮೇಲೆ ಅವರು ಬರೆದ ಮೇಕ್‌ಫೈಲನ್ನು ನಾನೇ ತೆರೆದೆ. ಯಾವ ಫೈಲ್ ಯಾವುದರಿಂದ ತಯಾರಾಗಬೇಕು ಎಂದು 'ಮೇಕ್' ಎಂಬ ಬಿಲ್ಡ್ ಉಪಕರಣಕ್ಕೆ ಹೇಳುವ ಪಟ್ಟಿ ಅದು. ಡೇಟಾ ಫೈಲಿನ ಹೆಸರು, ಅದರ ಮುಂದೆ ಒಂದು ಕೋಲನ್, ಕೋಲನ್ನಿನ ಮುಂದೆ ಏನೂ ಇಲ್ಲ. ಖಾಲಿ. ಸಿಎಸ್‌ವಿಯ ಹೆಸರು ಇರಬೇಕಾದ ಜಾಗ ಅದು. ಆ ಅವಲಂಬನೆ (ಡಿಪೆಂಡೆನ್ಸಿ) ಬರೆಯದಿದ್ದರೆ, ಡೇಟಾ ಫೈಲ್ ಒಮ್ಮೆ ಡಿಸ್ಕ್‌ನಲ್ಲಿದ್ದರೆ ಸಾಕು, ಮೇಕ್ ಅದನ್ನು ಮತ್ತೆ ತಯಾರಿಸುವುದೇ ಇಲ್ಲ. ನನ್ನ ಕಂಪ್ಯೂಟರ್‌ನಲ್ಲಿ ಹಳೆಯದು ಇರಲಿಲ್ಲ, ಅದಕ್ಕೇ ಸರಿ ಬಂತು. ಅವರ ಸರ್ವರ್‌ನಲ್ಲಿ ಹಳೆಯದು ಬಿದ್ದಿತ್ತು, ಅದನ್ನೇ ಹೊಸ ಪ್ಯಾಕೇಜ್‌ಗೆ ತುಂಬಿ ಕೊಟ್ಟಿತು. ಕೋಡ್ ಫೈಲ್‌ಗಳನ್ನು ಮಾತ್ರ ಒಂದೂ ಬಿಡದೆ ಬರೆದಿದ್ದಾರೆ! ಬಿಲ್ಲಿನ ನಮೂನೆಗೂ ಕನ್ನಡ ಅಕ್ಷರಗಳ ಫಾಂಟ್‌ಗೂ ಇದೇ ಗತಿ, ಕೋಲನ್ನಿನ ಮುಂದೆ ಖಾಲಿ.

ಇದನ್ನು ತೋರಿಸಿದರೆ ಬಂದ ಉತ್ತರ (ರಿಸೋರ್ಸ್ ಎಂದರೆ ದರಪಟ್ಟಿ, ನಮೂನೆ, ಫಾಂಟ್‌ನಂಥ ಕೋಡ್ ಅಲ್ಲದ ಫೈಲ್): "ರಿಸೋರ್ಸ್ ಫೈಲ್‌ಗಳು ಡಿಪೆಂಡೆನ್ಸಿ ಅಲ್ಲ ಸರ್, ಕರಾರಿನಲ್ಲೂ ಇಲ್ಲ. ಬೇಕಿದ್ದರೆ ಹೆಚ್ಚುವರಿ ಕೆಲಸವೆಂದು ದರ ಕಳುಹಿಸುತ್ತೇವೆ." ಡಿಪೆಂಡೆನ್ಸಿ ಅಲ್ಲವಂತೆ! ಯಾವ ಫೈಲ್ ಬದಲಾದರೆ ಹೊರಬರುವುದು ಬದಲಾಗುತ್ತದೋ ಅದು ಡಿಪೆಂಡೆನ್ಸಿ, ಅದರಲ್ಲಿ ಕೋಡ್ ಇರಲಿ, ಚಿತ್ರವಿರಲಿ, ತೆರಿಗೆ ದರವಿರಲಿ. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಮೇಕ್ ಬರೆದ ಕಾಲದಿಂದಲೂ ಅದು ನೋಡುವುದು ಫೈಲ್‌ಗಳು ಕೊನೆಯದಾಗಿ ಬದಲಾದ ಸಮಯವನ್ನು. ಒಳಗೆ ಏನಿದೆ ಎಂದು ಅದು ಕೇಳುವುದಿಲ್ಲ. ಮೇಕ್‌ನಂಥದೇ ಬೇರೆ ಉಪಕರಣಗಳು ಗ್ರೇಡಲ್, ಬೇಝಲ್. ಗ್ರೇಡಲ್‌ನಲ್ಲಿ ಇನ್‌ಪುಟ್ ಎಂದು ಘೋಷಿಸಲು, ಬೇಝಲ್‌ನಲ್ಲಿ 'ಡೇಟಾ' ಎಂದು ಬರೆಯಲು ಜಾಗ ಇರುವುದು ಮತ್ತೇಕೆ? ಬೇಝಲ್ ಬಿಲ್ಡ್ ನಡೆಸುವ ಪ್ರತ್ಯೇಕ ಜಾಗವಾದ ಸ್ಯಾಂಡ್‌ಬಾಕ್ಸ್‌ನಲ್ಲಂತೂ ಘೋಷಿಸದ ಫೈಲ್ ಸಾಮಾನ್ಯವಾಗಿ ಕೈಗೇ ಸಿಗುವುದಿಲ್ಲ, ಬಿಲ್ಡ್ ಅಲ್ಲಿಯೇ ನಿಲ್ಲುತ್ತದೆ. ನಿಲ್ಲಲಿ! ಹಳೆಯದನ್ನು ಹೊಸದೆಂದು ಕೊಡುವುದಕ್ಕಿಂತ ನಿಲ್ಲುವುದು ಸಾವಿರ ಪಾಲು ಮೇಲು. ಒಂದೊಂದು ಕಡೆಯೂ ಇವರು ಬಿಟ್ಟದ್ದು ಒಂದು ಹೆಸರು, ಒಂದೇ ಒಂದು ಹೆಸರು. ಅದಕ್ಕೆ ಹೆಚ್ಚುವರಿ ದರ!

ಯಾರಿಗಾದರೂ ಈ ಕೆಲಸ ಕೊಡುವವರು ಅವರ ಸರ್ವರ್‌ನಲ್ಲೇ ಎರಡು ಸಲ ಬಿಲ್ಡ್ ಮಾಡಿಸಿ. ಎರಡನೆಯ ಸಲಕ್ಕೆ ಮುನ್ನ ಕೋಡ್ ಮುಟ್ಟದೆ ಸಿಎಸ್‌ವಿಯಂಥ ಒಂದು ಮೂಲ ಫೈಲನ್ನಷ್ಟೇ ಬದಲಿಸಿ, ಪ್ಯಾಕೇಜ್ ಬಿಚ್ಚಿ ಒಳಗೆ ನೋಡಿ. ಹಸಿರು ದೀಪ ನೋಡಬೇಡಿ. 'ಕ್ಲೀನ್ ಮಾಡಿ' ಎನ್ನುವವರಿಗೆ ಕೆಲಸ ಕೊಡಲೇಬೇಡಿ. ರಿಸೋರ್ಸ್ ಫೈಲ್‌ಗಳ ಹೆಸರನ್ನು ಕರಾರಿನಲ್ಲಿ ಬರೆಸಿ.

ಅಂಗಡಿಯವರು ಗಿರಾಕಿಗೆ 1,400 ರೂಪಾಯಿ ಹಿಂದಿರುಗಿಸಿ ಬಿಲ್ ಸರಿಪಡಿಸಿಕೊಟ್ಟರು. ಸಂಸ್ಥೆಯಿಂದ ಬಾಕಿ ಹಣಕ್ಕೆ ಸಂದೇಶಗಳು ಈಗಲೂ ಬರುತ್ತಿವೆ. ಖಾಲಿ ಬಿಟ್ಟ ಮೂರೂ ಕಡೆ ಫೈಲಿನ ಹೆಸರು ಬರೆದು, ನನ್ನೆದುರೇ ಸಿಎಸ್‌ವಿ ಬದಲಿಸಿ ಬಿಲ್ಡ್ ಮಾಡಿ ತೋರಿಸುವವರೆಗೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ ಎಂದು ಉತ್ತರಿಸಿದ್ದೇನೆ.