ಮಲ್ಡ್ ವೈನ್ ಮಸಾಲೆ ಪೊಟ್ಟಣ: ಪರಿಮಳ ಸರಿ, ಲವಂಗ ಜಾಸ್ತಿ

ಕ್ರಿಸ್‌ಮಸ್ ಅಂದರೆ ಕೆಲವರಿಗೆ ಎಗ್‌ನಾಗ್, ಅಂದರೆ ಹಾಲು, ಮೊಟ್ಟೆ, ಸಕ್ಕರೆ ಸೇರಿಸಿದ ಪಾನೀಯ. ನನಗೆ ಆ ಮೊಟ್ಟೆ ವಾಸನೆ ಆಗಿಬರುವುದಿಲ್ಲ, ಮಸಾಲೆ ಹಾಕಿ ಬಿಸಿ ಮಾಡಿದ ಮಲ್ಡ್ ವೈನೇ ಬೇಕು. ಈ ಸಲ ಟೀ ಬ್ಯಾಗಿನಂಥ ರೆಡಿ ಮಸಾಲೆ ಪೊಟ್ಟಣ ತಂದೆ. ಚಕ್ಕೆ, ಕಿತ್ತಳೆ ಸಿಪ್ಪೆಯ ಘಮ ಚೆನ್ನಾಗಿದೆ. ಆದರೆ ಎಲ್ಲವನ್ನೂ ನುಣ್ಣಗೆ ಪುಡಿ ಮಾಡಿಬಿಟ್ಟಿದ್ದಾರೆ. ಪುಡಿ ಸೋರಿ ಲೋಟದ ತಳದಲ್ಲಿ ಕಪ್ಪು ಗಸಿ ನಿಲ್ಲುತ್ತದೆ. ಲವಂಗವಂತೂ ನಾಲಿಗೆ ಜೋಮು ಹಿಡಿಸುವಷ್ಟು! 10 ನಿಮಿಷಕ್ಕೇ ಪೊಟ್ಟಣ ತೆಗೆದುಬಿಡಿ. ವೈನ್ ಕುದಿಸಲೇಬೇಡಿ. ಆಲ್ಕೋಹಾಲ್ ಸುಮಾರು 78 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ, ಸಣ್ಣಗೆ ಹಬೆಯಾಡಿದರೆ ಸಾಕು. ದುಬಾರಿ ವೈನ್ ಸುಮ್ನೆ ದಂಡ. ಇಷ್ಟು ಮಸಾಲೆಯ ಮುಂದೆ ಅದರ ರುಚಿ ಯಾರಿಗೆ ಗೊತ್ತಾಗುತ್ತದೆ, ಅಲ್ವಾ? ಮದ್ಯ ಕುಡಿಯದವರು ಸೇಬಿನ ರಸಕ್ಕೆ ಹಾಕಿ. ನಿಜ ಹೇಳಬೇಕೆಂದರೆ ಈ ಪೊಟ್ಟಣ ಅದಕ್ಕೇ ಹೆಚ್ಚು ಹೊಂದುತ್ತದೆ, ಸಿಹಿಗೆ ಲವಂಗದ ಖಾರ ತಗ್ಗುತ್ತದೆ.